ಕಡಲಾಳದ ಕತೆಗಾರ ಜೂಲ್ಸ್ ವರ್ನ್

ಹುನಗುಂದ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವಿಜ್ಞಾನಿಯನ್ನು ಬಿಟ್ಟು ಒಬ್ಬ ಕಾದಂಬರಿಕಾರನನ್ನು ಆರಿಸಿಕೊಂಡಿದ್ದೇನೆ. ಫ್ರಾನ್ಸಿನ ಜೂಲ್ಸ್ ವರ್ನ್ ನಮ್ಮ ದೇಶಕ್ಕೆ ಎಂದೂ ಬಂದವನಲ್ಲ. ಆದರೆ ಅವನು ಸೃಷ್ಟಿಸಿದ ಕ್ಯಾಪ್ಟನ್ ನೆಮೋ ನಮ್ಮವನು.

ವರ್ನ್ ಹುಟ್ಟಿದ್ದು 1828ರ ಫೆಬ್ರವರಿ 8ರಂದು, ನಾಂಟ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ವಕೀಲ; ಮಗನೂ ಕರಿಕೋಟು ತೊಡಲೆಂದು ಪ್ಯಾರಿಸಿಗೆ ಕಳಿಸಿದ. ಮಗ ಕಾನೂನು ಓದಿದ, ವಕೀಲಿಕೆ ಹಿಡಿಯಲಿಲ್ಲ. ನಾಟಕ ಬರೆದ, ಮದುವೆಯಾದ ಮೇಲೆ ಹೊಟ್ಟೆಪಾಡಿಗೆ ಷೇರುಪೇಟೆಯಲ್ಲಿ ದುಡಿದ. 1863ರಲ್ಲಿ ಬಲೂನಿನಲ್ಲಿ ಆಫ್ರಿಕಾ ದಾಟುವ ಅವನ ಕಾದಂಬರಿಯನ್ನು ಹೆಟ್ಜೆಲ್ ಎಂಬ ಪ್ರಕಾಶಕ ಅಚ್ಚು ಹಾಕಿದ ಮೇಲೆ ದಿನಮಾನ ಬದಲಾದವು.

ಹೆಟ್ಜೆಲ್ ಅನ್ನವನ್ನೂ ಕೊಟ್ಟ, ಕತ್ತರಿಯನ್ನೂ ಆಡಿಸಿದ. ನೀರಿನಡಿ ಓಡುವ ಹಡಗು ನಾಟಿಲಸ್. ಕಡಲ ಉಪ್ಪಿನಿಂದ ತೆಗೆದ ಸೋಡಿಯಂ ಬಳಸಿ ವಿದ್ಯುತ್ ಪಡೆಯುವ ಅದರ ಬಗೆಯನ್ನು ಇಂದಿಗೂ ಹತ್ತನೆಯ ತರಗತಿಗೆ ಹೇಳಬಹುದು. ಅದರ ಒಡೆಯ ನೆಮೋ, ರಷ್ಯನ್ನರಿಂದ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನವನಾಗಿರಲಿ ಎಂಬುದು ವರ್ನ್‌ನ ಇಚ್ಛೆ. ರಷ್ಯಾದಲ್ಲಿ ಪುಸ್ತಕಕ್ಕೆ ಅಡ್ಡಿಯಾದೀತೆಂದು ಪ್ರಕಾಶಕ ಒಪ್ಪಲಿಲ್ಲ. ವರ್ನ್ ವಾದಿಸಿ, ಸೋತು, ನಾಯಕನ ನಾಡು ಯಾವುದೆಂದು ಹೇಳದೆಯೇ ಕಾದಂಬರಿ ಮುಗಿಸಿದ.

1875ರಲ್ಲಿ ಪೂರ್ಣಗೊಂಡ ‘ನಿಗೂಢ ದ್ವೀಪ’ದಲ್ಲಿ ಗುಟ್ಟು ಬಿಚ್ಚಿದ. ನೆಮೋ ಎಂದರೆ ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಬಂಧು; 1857ರಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿ, ಹೆಂಡತಿ ಮಕ್ಕಳನ್ನು ಕಳೆದುಕೊಂಡು ಕಡಲಿಗಿಳಿದವನು. ಬುಂದೇಲಖಂಡಕ್ಕೂ ಶ್ರೀರಂಗಪಟ್ಟಣಕ್ಕೂ ಎಲ್ಲಿಯ ಬೀಗತನವೋ! ನನಗಂತೂ ಅದು ದೊಡ್ಡ ದೋಷವೆನಿಸಿಲ್ಲ. ಅದೇ 1857ರ ನವೆಂಬರಿನಲ್ಲಿ ನಮ್ಮ ಮುಧೋಳ ಸೀಮೆಯ ಹಲಗಲಿ ಬೇಡರು ಹತಾರ ಒಪ್ಪಿಸಲೊಲ್ಲೆವೆಂದು ನಿಂತರು. ಊರೇ ಸುಟ್ಟು ಹೋಯಿತು. ಆ ಲಾವಣಿ ಕೇಳಿ ಬೆಳೆದವರಿಗೆ ನೆಮೋನ ಸಿಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಕಾಶಕನ ಅಂಜಿಕೆಯಿಂದಲೇ ಅವನು ನಮ್ಮ ಪಾಲಿಗೆ ಬಂದ ಎನ್ನಬೇಕು.

1886ರಲ್ಲಿ ಬುದ್ಧಿ ಕೆಟ್ಟಿದ್ದ ತಮ್ಮನ ಮಗ ಹಾರಿಸಿದ ಗುಂಡು ಕಾಲಿಗೆ ತಾಗಿ ವರ್ನ್ ಕುಂಟಾದ. ಹೆಟ್ಜೆಲ್ ತೀರಿಕೊಂಡದ್ದೂ ಅದೇ ವರ್ಷ. 1888ರಲ್ಲಿ ಅಮಿಯಾ ನಗರಸಭೆಗೆ ಆಯ್ಕೆಯಾಗಿ ಊರ ಕೆಲಸ ಮಾಡಿದ, ಬರೆಯುವುದನ್ನೂ ಬಿಡಲಿಲ್ಲ. 1905ರ ಮಾರ್ಚ್ 24ರಂದು ಕಣ್ಣು ಮುಚ್ಚಿದ. ಇಪ್ಪತ್ತನೆಯ ಶತಮಾನದ ಪ್ಯಾರಿಸ್ ಹೇಗಿದ್ದೀತೆಂದು ಅವನು ಬರೆದು, ಯಾರೂ ನಂಬಲಾರರೆಂದು ಹೆಟ್ಜೆಲ್ ಮರಳಿಸಿದ್ದ ಹಸ್ತಪ್ರತಿ ಮಾತ್ರ 1994ರಲ್ಲಿ ಅಚ್ಚಾಯಿತು.