ಹೇರಾತದ ರಾಯಭಾರಿ ಅಬ್ದುಲ್ ರಜಾಕ

ವಿಜಯನಗರದ ವೈಭವವನ್ನು ಹೊಗಳುವಾಗ ನಮ್ಮವರೆಲ್ಲರೂ ಅಬ್ದುಲ್ ರಜಾಕನನ್ನು ಸಾಕ್ಷಿಯಾಗಿ ಕರೆಯುವರು. ಆ ಸಾಕ್ಷಿಯು ಪಟ್ಟ ಪಾಡನ್ನು ಮಾತ್ರ ಹೇಳುವವರು ವಿರಳ. ಅದನ್ನು ವಾಚಕರ ಮುಂದಿಡಬಯಸುತ್ತೇವೆ.

ಈತನು 1413ರಲ್ಲಿ ಹೇರಾತದಲ್ಲಿ ಜನಿಸಿದನು. ತಂದೆಯು ಶಾಹರುಖ ಸುಲ್ತಾನನ ಪಾಳೆಯದ ಕಾಜಿಯಾಗಿದ್ದನು. 1442ರ ಆರಂಭದಲ್ಲಿ ಶಾಹರುಖನು ಈತನನ್ನು ಕಲ್ಲಿಕೋಟೆಗೆ ರಾಯಭಾರಿಯಾಗಿ ಕಳುಹಿದನು. ದಾರಿಯಲ್ಲಿ ಜ್ವರಪೀಡಿತನಾಗಿ ತಾನೇನೋ ಬದುಕಿಕೊಂಡನು. ಜೊತೆಗೆ ಬಂದಿದ್ದ ಅಣ್ಣನು ತೀರಿಕೊಂಡನು. ಕಲ್ಲಿಕೋಟೆಯಲ್ಲಿ ತಕ್ಕ ಆದರವೂ ದೊರೆಯಲಿಲ್ಲ. ಅಷ್ಟರಲ್ಲಿ ಪ್ರೌಢದೇವರಾಯನ ಕರೆ ಬಂದಿತು. ಮಂಗಳೂರಿನಿಂದ ಘಟ್ಟವನ್ನೇರಿ 1443ರ ಏಪ್ರಿಲ್ ಕೊನೆಗೆ ವಿಜಯನಗರವನ್ನು ಸೇರಿದನು.

ಅರಮನೆಯ ಮಾತು ಹಾಗಿರಲಿ. ಆತನು ಬಣ್ಣಿಸಿದ ದಿವಾನಖಾನೆಯೇ ನಮಗೆ ಹೆಚ್ಚಿನದಾಗಿ ತೋರುತ್ತದೆ. ಕಂಬಗಳ ಆ ವಿಶಾಲ ಚಾವಡಿಯ ಮುಂದೆ ಆಳೆತ್ತರಕ್ಕೂ ಮಿಗಿಲಾದ ಕಟ್ಟೆ. 30 ಗಜ ಉದ್ದ, 6 ಗಜ ಅಗಲ. ದಫ್ತರಗಳೂ ಬರಹಗಾರರೂ ಅಲ್ಲಿಯೇ. ಕೆಲವರು ಓಲೆಯ ಮೇಲೆ ಕಂಠದಿಂದ ಕೊರೆಯುತ್ತಿದ್ದರು. ಕೆಲವರು ಕರಿ ಬಳಿದ ಹಾಳೆಯ ಮೇಲೆ ಮೆದುಗಲ್ಲಿನಿಂದ ಬರೆಯುತ್ತಿದ್ದರು. ನಮ್ಮ ಹಿರಿಯರ ಕಡತವೂ ಬಳಪವೂ ಇವೇ ಅಲ್ಲವೆ? ಒಳಗೆ ದಂಡನಾಯಕನೊಬ್ಬನೇ ಗದ್ದುಗೆಯ ಮೇಲೆ ಕುಳಿತು ಪ್ರಜೆಗಳ ದೂರುಗಳನ್ನು ಕೇಳಿ ಅಪ್ಪಣೆ ಕೊಡುತ್ತಿದ್ದನು.

ರಾಯನು ವಾರಕ್ಕೆರಡು ಸಾರಿ ರಾಯಭಾರಿಯನ್ನು ಕರೆಸಿ ವೀಳ್ಯ, ಕರ್ಪೂರ, ಪಣಗಳ ಚೀಲವನ್ನು ಕೊಡುತ್ತಿದ್ದನು. ಬಿಡಾರಕ್ಕೆ ದಿನವೂ 2 ಕುರಿ, 4 ಜೊತೆ ಕೋಳಿ, 5 ಮಣ ಅಕ್ಕಿ, 2 ವರಹ ಹೋಗುತ್ತಿದ್ದವು.

ಅಷ್ಟರಲ್ಲಿ ಬಹಮನಿ ಸುಲ್ತಾನನು 7 ಲಕ್ಷ ವರಹ ಕೇಳಿದನು. ರಾಯನು ಒಪ್ಪದೆ ದಂಡನಾಯಕನನ್ನು ದಂಡೆತ್ತಿ ಕಳುಹಿದನು. ಆ ಯುದ್ಧದಲ್ಲಿ ರಾಯನ ಸೈನ್ಯವು ಬಿಜಾಪುರದವರೆಗೂ ನಾಡನ್ನು ಹಾಳುಗೆಡವಿತೆಂದು ಫೆರಿಸ್ತಾ ಬರೆದಿದ್ದಾನೆ. ಮಸೂತಿ, ಬಾಗೇವಾಡಿಗಳ ಸೀಮೆ ಆಗ ಬಹಮನಿಯದು. ರಾಯರ ಕೀರ್ತಿಯನ್ನು ಹಾಡುವ ನಾವು ಇದನ್ನು ಮರೆಯಲಾಗದು. ಇತ್ತ ರಾಜಧಾನಿಯಲ್ಲಿ ದಂಡನಾಯಕನ ಸ್ಥಾನದಲ್ಲಿ ಕುಳಿತವನು ರಾಯಭಾರಿಯ ದಿನವಹಿಯನ್ನು ನಿಲ್ಲಿಸಿದನು. ಈತನು ಶಾಹರುಖನ ನಿಜವಾದ ರಾಯಭಾರಿಯೇ ಅಲ್ಲವೆಂದು ಹೊರ್ಮುಜದ ವರ್ತಕರು ಸುದ್ದಿ ಹಬ್ಬಿಸಿದರು. ಸಾವಿರಾರು ಹರದಾರಿ ದೂರದ ದೊರೆಯಿಂದ ಸಾಕ್ಷಿ ತರಿಸುವುದೆಂತು? ಅಣ್ಣನನ್ನು ಕಳೆದುಕೊಂಡು ಬಂದವನು ಮೋಸಗಾರನೆನಿಸಿಕೊಂಡನು. ದಂಡನಾಯಕನು ಮರಳಿದ ಮೇಲೆ ತನ್ನ ಪ್ರತಿನಿಧಿಯನ್ನು ಗದರಿಸಿ ಹಣ ಕೊಡಿಸಿದನು. ಆದರೆ ಮೊದಲಿನ ಆದರವು ಮತ್ತೆ ಬರಲಿಲ್ಲ.

ಆ ವರ್ಷದ ಕೊನೆಯಲ್ಲಿ ಬೀಳ್ಕೊಂಡು ಹೊನ್ನಾವರದಿಂದ ಹಡಗನ್ನೇರಿ 1444ರಲ್ಲಿ ಹೊರ್ಮುಜವನ್ನು ಸೇರಿದನು. 1463ರಲ್ಲಿ ಹೇರಾತದ ಶಾಹರುಖ ಖಾನಕಾಹದ ಮೇಲ್ವಿಚಾರಕನಾಗಿ, ತನ್ನ ಇತಿಹಾಸಗ್ರಂಥದಲ್ಲಿ ಮಾನ ಅವಮಾನಗಳೆರಡನ್ನೂ ಬರೆದಿಟ್ಟು, 1482ರಲ್ಲಿ ಅಲ್ಲಿಯೇ ತೀರಿಕೊಂಡನು.