ಖಾರ್ಟೂಮ್‌ಗೆ ಎರಡು ದಿನ ತಡವಾಗಿ ಬಂದ ನೆರವು: ಜನರಲ್ ಗಾರ್ಡನ್ ಬದುಕು, ಸಾವು

1885ರ ಜನವರಿ 28ರಂದು ನೈಲ್ ನದಿಯ ಮೂಲಕ ಖಾರ್ಟೂಮ್ ಸಮೀಪಿಸಿದ ಬ್ರಿಟಿಷ್ ಹಡಗುಗಳಿಗೆ ನಗರದ ಅರಮನೆಯ ಮೇಲೆ ಧ್ವಜ ಕಾಣಿಸಲಿಲ್ಲ. ಯಾರನ್ನು ಉಳಿಸಲು ಅವು ಬಂದಿದ್ದವೋ ಆ ಜನರಲ್ ಚಾರ್ಲ್ಸ್ ಜಾರ್ಜ್ ಗಾರ್ಡನ್ ಎರಡು ದಿನಗಳ ಹಿಂದೆಯೇ ಹತರಾಗಿದ್ದರು.

1833ರ ಜನವರಿ 28ರಂದು ಲಂಡನ್ ಬಳಿಯ ವುಲಿಚ್‌ನಲ್ಲಿ ಜನಿಸಿದ ಗಾರ್ಡನ್ ಅವರ ತಂದೆ ಫಿರಂಗಿ ದಳದ ಅಧಿಕಾರಿ. ವುಲಿಚ್‌ನ ಮಿಲಿಟರಿ ಅಕಾಡೆಮಿಯಲ್ಲಿ ಕಲಿತ ಮಗ 1852ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿದರು. ಕ್ರಿಮಿಯಾ ಯುದ್ಧದಲ್ಲಿ ಸೆವಾಸ್ಟೊಪೋಲ್ ಕೋಟೆಯೆದುರಿನ ಕಂದಕಗಳಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ಗಡಿ ಸರ್ವೆ ಕಾರ್ಯಕ್ಕೆ ನಿಯೋಜಿತರಾದರು.

ಅವರಿಗೆ ಕೀರ್ತಿ ತಂದದ್ದು ಚೀನಾ. ತೈಪಿಂಗ್ ದಂಗೆಯ ಕಾಲದಲ್ಲಿ ಶಾಂಘೈ ಸುತ್ತಲಿನ ನೆಲವನ್ನೂ ಕಾಲುವೆಗಳನ್ನೂ ಅಳೆದು ನಕ್ಷೆ ಮಾಡಿದ್ದ ಗಾರ್ಡನ್, 1863ರಲ್ಲಿ ಸದಾ ವಿಜಯಿ ಸೇನೆ ಎಂದು ಹೆಸರಾಗಿದ್ದ ಚೀನೀ ಪಡೆಯ ನಾಯಕತ್ವ ವಹಿಸಿದರು. ಆ ಜಲಮಾರ್ಗಗಳಲ್ಲೇ ಉಗಿಹಡಗುಗಳನ್ನು ನಡೆಸಿ ದಂಗೆಕೋರರ ಪಟ್ಟಣಗಳನ್ನು ಒಂದೊಂದಾಗಿ ವಶಪಡಿಸಿಕೊಂಡರು. ಕೈಯಲ್ಲಿ ಬೆತ್ತವಷ್ಟನ್ನೇ ಹಿಡಿದು ಸೈನಿಕರ ಮುಂದೆ ನಡೆಯುತ್ತಿದ್ದರು. ಆದರೆ ಸೂಚೌ ನಗರ ಶರಣಾದ ಬಳಿಕ ಚೀನೀ ಅಧಿಕಾರಿ ಲಿ ಹಾಂಗ್‌ಜಾಂಗ್ ಶರಣಾಗತ ನಾಯಕರನ್ನೇ ಕೊಲ್ಲಿಸಿದಾಗ ಕನಲಿದರು. ಚಕ್ರವರ್ತಿ ಕಳುಹಿಸಿದ 10,000 ಟೇಲ್ ಬೆಳ್ಳಿಯನ್ನು ನಿರಾಕರಿಸಿದರು.

1865ರಿಂದ ಆರು ವರ್ಷ ಗ್ರೇವ್ಸೆಂಡ್‌ನಲ್ಲಿ ಥೇಮ್ಸ್ ನದಿಯ ಕೋಟೆಗಳ ಮೇಲ್ವಿಚಾರಣೆ. ಬಿಡುವಿನಲ್ಲಿ ಬಡ ಹುಡುಗರಿಗೆ ಪಾಠ ಹೇಳಿ, ಅವರಿಗೆ ಉಣಿಸಿ, ಕೆಲಸ ಕೊಡಿಸುತ್ತಿದ್ದರು. 1874ರಲ್ಲಿ ಈಜಿಪ್ಟ್ ಆಡಳಿತದ ಪರವಾಗಿ ದಕ್ಷಿಣ ಸುಡಾನ್‌ನ ಈಕ್ವಟೋರಿಯಾ ಪ್ರಾಂತ್ಯಕ್ಕೆ ತೆರಳಿದಾಗ, ನೀಡಲು ಮುಂದಾದ ವಾರ್ಷಿಕ 10,000 ಪೌಂಡ್ ವೇತನದಲ್ಲಿ 2,000 ಪೌಂಡ್ ಮಾತ್ರ ಸ್ವೀಕರಿಸಿದರು. 1877ರಲ್ಲಿ ಇಡೀ ಸುಡಾನ್‌ನ ಗವರ್ನರ್ ಜನರಲ್ ಆಗಿ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದರು.

ಕಚೇರಿಯ ಶಿಸ್ತಿಗೆ ಒಗ್ಗುವ ಸ್ವಭಾವ ಅವರದಾಗಿರಲಿಲ್ಲ. 1880ರಲ್ಲಿ ವೈಸ್‌ರಾಯ್ ಲಾರ್ಡ್ ರಿಪ್ಪನ್ ಅವರ ಖಾಸಗಿ ಕಾರ್ಯದರ್ಶಿಯಾಗಿ ಭಾರತಕ್ಕೆ ಬಂದ ಗಾರ್ಡನ್, ಮುಂಬೈಗೆ ಬಂದಿಳಿದ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟರು.

ಅಷ್ಟರಲ್ಲಿ ಸುಡಾನ್‌ನಲ್ಲಿ ಮಹದಿ ಮುಹಮ್ಮದ್ ಅಹ್ಮದ್ ನಾಯಕತ್ವದಲ್ಲಿ ಈಜಿಪ್ಟ್ ಆಡಳಿತದ ವಿರುದ್ಧ ಬಂಡಾಯ ಭುಗಿಲೆದ್ದಿತು. ಅಲ್ಲಿನ ಈಜಿಪ್ಟ್ ಪಡೆಗಳನ್ನು ತೆರವುಗೊಳಿಸುವ ಹೊಣೆ ಹೊತ್ತು ಗಾರ್ಡನ್ 1884ರ ಫೆಬ್ರುವರಿ 18ರಂದು ಖಾರ್ಟೂಮ್ ತಲುಪಿದರು. ಗುಲಾಮಗಿರಿಯ ಬದ್ಧ ವೈರಿಯಾಗಿದ್ದವರು ಜನರನ್ನು ಒಲಿಸಿಕೊಳ್ಳಲು ಗುಲಾಮರನ್ನು ಇಟ್ಟುಕೊಳ್ಳಲು ಅನುಮತಿ ಸಾರಿದರು. ಹಳೆಯ ಗುಲಾಮ ವ್ಯಾಪಾರಿ ಜುಬೈರ್ ಪಾಷಾನನ್ನೇ ಆಡಳಿತಗಾರನನ್ನಾಗಿ ಕಳುಹಿಸುವಂತೆ ಕೋರಿದರು. ಲಂಡನ್ ಒಪ್ಪಲಿಲ್ಲ. ಸುಮಾರು 2,500 ಮಹಿಳೆಯರು, ಮಕ್ಕಳು ಮತ್ತು ರೋಗಿಗಳನ್ನು ಹೊರಗೆ ಕಳುಹಿಸುವಷ್ಟರಲ್ಲಿ, ಮಾರ್ಚ್‌ನಲ್ಲಿ ಮುತ್ತಿಗೆ ಬಿಗಿಯಾಯಿತು.

ಆಗ ನಗರವನ್ನು ಕಾದದ್ದು ಅವರೊಳಗಿನ ಎಂಜಿನಿಯರ್. ಎರಡು ನೈಲ್ ನದಿಗಳ ನಡುವಿನ ಕಂದಕವನ್ನು ಬಲಪಡಿಸಿದರು, ನೆಲಬಾಂಬ್ ಹೂಳಿಸಿದರು, ಹಡಗುಗಳಿಗೆ ಕಬ್ಬಿಣದ ತಗಡಿನ ಕವಚ ತೊಡಿಸಿದರು. ಹಣ ಮುಗಿದಾಗ ಸಹಿ ಹಾಕಿ ಕಾಗದದ ನೋಟುಗಳನ್ನು ಚಲಾವಣೆಗೆ ತಂದರು. ಸೆಪ್ಟೆಂಬರ್‌ನಲ್ಲಿ ಸಹಾಯ ಕೋರಲು ಹಡಗಿನಲ್ಲಿ ಕಳುಹಿಸಿದ ಕರ್ನಲ್ ಸ್ಟುವರ್ಟ್ ದಾರಿಯಲ್ಲೇ ಕೊಲೆಯಾದರು. ಗಾರ್ಡನ್ ದಿನಚರಿಯ ಕೊನೆಯ ಬರಹ ಡಿಸೆಂಬರ್ 14ರದ್ದು.

ಪ್ರಧಾನಿ ಗ್ಲಾಡ್‌ಸ್ಟನ್ ನೆರವು ಪಡೆಗೆ ಹಣ ಒದಗಿಸಲು ಮುಂದಾದದ್ದು ಆಗಸ್ಟ್‌ನಲ್ಲಿ. ಆ ಪಡೆ ಬರುವ ಹೊತ್ತಿಗೆ ನಗರದಲ್ಲಿ ಆಹಾರ ಮುಗಿದಿತ್ತು. ನದಿಯ ನೀರು ಇಳಿದು, ಬಿಳಿ ನೈಲ್ ದಡದಲ್ಲಿ ಕಂದಕದ ತುದಿ ಬಯಲಾಯಿತು. ಜನವರಿ 26ರ ನಸುಕಿನಲ್ಲಿ ಮಹದಿಯ ಪಡೆ ಅದೇ ದಾರಿಯಿಂದ ಒಳನುಗ್ಗಿತು. ಗಾರ್ಡನ್ ಹೇಗೆ ಮಡಿದರೆಂಬ ಬಗ್ಗೆ ಭಿನ್ನ ವರದಿಗಳಿವೆ. ಅವರ ಶಿರವನ್ನು ಮಹದಿಯ ಶಿಬಿರಕ್ಕೆ ಒಯ್ಯಲಾಯಿತು, ದೇಹ ದೊರೆಯಲಿಲ್ಲ. ಅದೇ ದಿನ ಸಾವಿರಾರು ನಗರವಾಸಿಗಳೂ ಹತರಾದರು.

ಬ್ರಿಟನ್ ಅವರನ್ನು ಹುತಾತ್ಮರೆಂದು ಪೂಜಿಸಿತು. 1898ರಲ್ಲಿ ಒಮ್ದುರ್ಮನ್‌ನಲ್ಲಿ ಮಹದಿಯ ಉತ್ತರಾಧಿಕಾರಿಯನ್ನು ಸೋಲಿಸಿದ ಕಿಚನರ್ ಕೂಡ ರಾಯಲ್ ಎಂಜಿನಿಯರ್ಸ್ ಅಧಿಕಾರಿಯೇ. ಒಂಟೆಯ ಮೇಲೆ ಕುಳಿತ ಗಾರ್ಡನ್ ಪ್ರತಿಮೆ ಖಾರ್ಟೂಮ್‌ನಲ್ಲಿ ಸ್ಥಾಪನೆಯಾಯಿತು. 1956ರಲ್ಲಿ ಸುಡಾನ್ ಸ್ವತಂತ್ರವಾದ ಬಳಿಕ ಅದು ಇಂಗ್ಲೆಂಡ್‌ನ ಸರ್ರೆಗೆ, ಬಡ ಹುಡುಗರಿಗಾಗಿ ಗಾರ್ಡನ್ ಹೆಸರಿನಲ್ಲಿ 1885ರಲ್ಲಿ ಆರಂಭವಾದ ಶಾಲೆಯ ಅಂಗಳಕ್ಕೆ ಸೇರಿತು.