ನವಾಬ್ ಸಾಲಾರ್ ಜಂಗ್: ಆಡಳಿತ ಸುಧಾರಿಸಿ ವ್ಯಾಪಾರಕ್ಕೆ ದಾರಿ ತೆರೆದ ದಿವಾನ

ಇಂದು ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಅಕ್ಕಿ ಗಿರಣಿ ಹಾಕುವವರು, ಹೊಸ ಅಂಗಡಿ ತೆರೆಯುವವರು ಮೊದಲು ಕಾಣಬೇಕಾದದ್ದು ಸ್ಥಳೀಯ ಕಚೇರಿಗಳನ್ನು. ಅಲ್ಲಿ ಕೆಲಸ ನ್ಯಾಯವಾಗಿ, ಸಕಾಲದಲ್ಲಿ ಆದರೆ ಉದ್ಯಮ ಬೆಳೆಯುತ್ತದೆ. ಇಲ್ಲದಿದ್ದರೆ ಹೊಸದನ್ನು ಮಾಡುವ ಹುಮ್ಮಸ್ಸೇ ಕುಂದುತ್ತದೆ. ಈ ಸತ್ಯವನ್ನು ನೂರೈವತ್ತು ವರ್ಷಗಳ ಹಿಂದೆಯೇ ಅರಿತು ನಮ್ಮ ಭಾಗದ ಆಡಳಿತವನ್ನು ತಿದ್ದಿದ ಮಹನೀಯರು ನವಾಬ್ ಮೀರ್ ತುರಾಬ್ ಅಲಿ ಖಾನ್, ಅಂದರೆ ಒಂದನೆಯ ಸಾಲಾರ್ ಜಂಗ್. ಹೈದರಾಬಾದಿನ ಪ್ರಸಿದ್ಧ ವಸ್ತುಸಂಗ್ರಹಾಲಯ ಮುಖ್ಯವಾಗಿ ಇವರ ಮೊಮ್ಮಗ ಮೂರನೆಯ ಸಾಲಾರ್ ಜಂಗರ ಸಂಗ್ರಹ.

ಇವರು 1829ರಲ್ಲಿ ಬಿಜಾಪುರದಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಹತ್ತೊಂಬತ್ತರ ಹರೆಯದಲ್ಲಿ ಖಮ್ಮಂನಲ್ಲಿ ತಾಲೂಕುದಾರರಾಗಿ ಕೆಲಸ ಮಾಡಿ ರೈತರ ಸ್ಥಿತಿಯನ್ನು ಹತ್ತಿರದಿಂದ ಕಂಡರು. 1853ರಲ್ಲಿ ಚಿಕ್ಕಪ್ಪ ಸಿರಾಜ್-ಉಲ್-ಮುಲ್ಕ್ ತೀರಿಕೊಂಡಾಗ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ನಿಜಾಮರ ದಿವಾನರಾದರು.

ಆಗ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. ಅದೇ ವರ್ಷ ಬೀದರ್ ಆಚೆಯ ಬೇರಾರ್ ಜೊತೆಗೆ ನಮ್ಮ ರಾಯಚೂರು ದೋಆಬ್ ಕೂಡ ಬ್ರಿಟಿಷರ ಕೈಗೆ ಹೋಗಿತ್ತು. ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿ ಇತ್ತು. ಹೆಚ್ಚು ಹಣ ಕೊಡಲು ಒಪ್ಪಿದವನು ಪ್ರದೇಶವನ್ನು ಹಿಡಿದು, ಕೊಟ್ಟದ್ದಕ್ಕಿಂತ ಹೆಚ್ಚು ರೈತನಿಂದ ಕಸಿಯುತ್ತಿದ್ದ. ಎಷ್ಟೋ ಭಾಗಗಳು ಸಾಲ ಕೊಟ್ಟವರಲ್ಲಿ ಒತ್ತೆಯಾಗಿದ್ದವು. ದಾರಿಯುದ್ದಕ್ಕೂ ಸರಕಿಗೆ ಸುಂಕ, ಒಂದೊಂದು ಕಡೆ ಒಂದೊಂದು ಟಂಕಸಾಲೆಯ ನಾಣ್ಯ. ದುಡಿದದ್ದು ತನ್ನ ಕೈಗೆ ಉಳಿಯುವ ಭರವಸೆಯಿಲ್ಲದವನು ಬಾವಿ ತೋಡುವನೇ? ಹೊಸ ವ್ಯಾಪಾರಕ್ಕೆ ಬಂಡವಾಳ ಹಾಕುವನೇ?

ಸಾಲಾರ್ ಜಂಗ್ ಒಂದೊಂದೇ ಗಂಟನ್ನು ಬಿಚ್ಚಿದರು. ಒತ್ತೆಯಿಟ್ಟ ಪ್ರದೇಶಗಳನ್ನು ಬಿಡಿಸಿಕೊಂಡರು. ಗುತ್ತಿಗೆದಾರರ ಬದಲಿಗೆ ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಒಳನಾಡಿನ ಸಾಗಣೆ ಸುಂಕ ತೆಗೆದರು. ಸ್ಥಳೀಯ ಟಂಕಸಾಲೆಗಳನ್ನು ಮುಚ್ಚಿ ಹಾಲಿ ಸಿಕ್ಕಾ ನಾಣ್ಯ ಜಾರಿಗೆ ತಂದರು. 1860ರಲ್ಲಿ ರಾಯಚೂರು ದೋಆಬ್ ಮರಳಿ ಬಂತು. 1865ರ ಜಿಲ್ಲಾಬಂದಿಯಿಂದ ಸಂಸ್ಥಾನ ಜಿಲ್ಲೆ, ತಾಲೂಕುಗಳಾಗಿ ವಿಭಾಗವಾಯಿತು. ತಾಲೂಕುದಾರ, ತಹಸೀಲ್ದಾರರ ಕರ್ತವ್ಯ ನಿಗದಿಯಾಯಿತು. ಲಿಂಗಸುಗೂರು ಅಂದು ಜಿಲ್ಲಾ ಕೇಂದ್ರ. ಸಿಂಧನೂರು ಅದೇ ಜಿಲ್ಲೆಯಲ್ಲಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಗಿ ಈ ತಾಲೂಕುಗಳು ರಾಯಚೂರಿಗೆ ಸೇರಿದವು.

1871ರಲ್ಲಿ ಮುಂಬಯಿ ಮತ್ತು ಮದ್ರಾಸಿನ ರೈಲು ಮಾರ್ಗಗಳು ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ರೈಲು ಓಡಿತು. ಹತ್ತಿ ತುಂಬಿದ ಬಂಡಿ ಊರೂರಿಗೆ ಸುಂಕ ತೆರದೆ ನಿಲ್ದಾಣ ಮುಟ್ಟುವಂತಾದಾಗಲೇ ಅಂಥ ರೈಲಿನ ಲಾಭ ವ್ಯಾಪಾರಿಗೂ ರೈತನಿಗೂ ಸಿಗುವುದು.

ಒಳ್ಳೆಯ ಆಡಳಿತಕ್ಕೆ ಓದಿದ ಜನ ಬೇಕೆಂಬುದನ್ನೂ ಅವರು ಬಲ್ಲವರಾಗಿದ್ದರು. ಹೈದರಾಬಾದಿನಲ್ಲಿ ದಾರುಲ್ ಉಲೂಮ್ ಅವರ ಕಾಲದಲ್ಲೇ ಸ್ಥಾಪನೆಯಾಯಿತು. ಮುಂದೆ ಅಲಿಗಢ ಚಳವಳಿಯಲ್ಲಿ ಹೆಸರಾದ ಮೊಹ್ಸಿನ್-ಉಲ್-ಮುಲ್ಕ್, ವಿಕಾರ್-ಉಲ್-ಮುಲ್ಕ್ ಅವರಂಥ ಸಮರ್ಥರನ್ನು ಉತ್ತರ ಭಾರತದಿಂದ ಕರೆತಂದರು. ಇದರಿಂದ ಸ್ಥಳೀಯರಿಗೆ ಅವಕಾಶ ತಪ್ಪಿತೆಂಬ ಅಸಮಾಧಾನವೂ ಹುಟ್ಟಿತು.

ಅವರ ದಾರಿ ಹೂವಿನದಾಗಿರಲಿಲ್ಲ. 1857ರಲ್ಲಿ ಬ್ರಿಟಿಷರ ಪಕ್ಷ ವಹಿಸಿದ್ದಕ್ಕೆ ಅಂದೂ ಇಂದೂ ಟೀಕೆಯಿದೆ. 1859 ಮತ್ತು 1868ರಲ್ಲಿ ಅವರ ಕೊಲೆಗೆ ಯತ್ನ ನಡೆಯಿತು. ಬೇರಾರನ್ನು ಮರಳಿ ಪಡೆಯುವ ಪ್ರಯತ್ನ ಕೊನೆಗೂ ಫಲಿಸಲಿಲ್ಲ. ಜಾಗೀರುಗಳಲ್ಲಿ ಅವರ ಸುಧಾರಣೆ ಪೂರ್ತಿ ಮುಟ್ಟಲೂ ಇಲ್ಲ. 1883ರ ಫೆಬ್ರವರಿ 8ರಂದು ಕಾಲರಾ ತಗುಲಿ ನಿಧನರಾದರು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ಉದ್ಯಮಿಗಳಾಗುವಿರಿ, ಕೆಲವರು ತಾಲೂಕು ಕಚೇರಿ, ನಗರಸಭೆಗಳಲ್ಲಿ ಕುಳಿತುಕೊಳ್ಳುವಿರಿ. ನಿಮ್ಮ ಮೇಜಿನ ಮೇಲೆ ತಡೆದು ನಿಂತ ಒಂದು ಅರ್ಜಿ ಒಬ್ಬರ ಕನಸನ್ನೇ ತಡೆಯಬಹುದು. ವ್ಯಾಪಾರ ಮಾಡುವವನು ಜಾಣನಾದರೆ ಸಾಲದು, ಆಡಳಿತ ಮಾಡುವವನು ಪ್ರಾಮಾಣಿಕನಾಗಬೇಕು. ಸಾಲಾರ್ ಜಂಗರ ಬದುಕು ನಮಗೆ ಕಲಿಸುವ ಪಾಠ ಇದೇ.